ಮುದ್ದುಮಾದ ಟೀವಿಗೆ ತಂಗಿಯನ್ನ ತಂದದ್ದು

ಕೂತ್ಕೊಳಿ, ಹೇಳ್ತೀನಿ. ಆದರೆ ಒಂದು ಮಾತು. ನಗೋರು ಕೊನೇಲಿ ನಗಿ. ನಡುವೆ ನಕ್ಕು ನನ್ನ ಮಾತಿನ ದಾರಿ ತಪ್ಪಿಸಿದ್ರೆ ನಾನು ಎದ್ದು ಹೋಗೋಳೇ ಸೈ. ಆಮೇಲೆ ಏನಾಯ್ತು ಏನಾಯ್ತು ಅಂತ ಸೆರಗು ಹಿಡಿದು ಎಳೆದರೂ ಹೇಳೋದಿಲ್ಲ.

ಬಿದರಾಪುರ ಅಂತ ಒಂದೂರು. ಆ ಊರಿನ ಮೇದರ ಬೀದೀಲಿ ದುಂಡಮ್ಮ ಅಂತ ಒಬ್ಬಳು. ಮೊರ, ಕುಕ್ಕೆ, ಮಂಕರಿ ಹೆಣೆದು ಬದುಕೋಳು. ಗಂಡ ತೀರ್ಕೊಂಡು ಬಹಳ ವರ್ಷ ಆಗಿತ್ತು. ಮಕ್ಕಳು ಇಬ್ಬರು. ದೊಡ್ಡವನು ಮುದ್ದುಮಾದ, ಚಿಕ್ಕವಳು ಚೆನ್ನಾಜಿ.

ಮುದ್ದುಮಾದನ ಕೈ ಅಂದ್ರೆ ಕೈ. ಅವನು ಸೀಳಿದ ಬಿದಿರು ನೂಲಿನ ಹಂಗೆ ಬರೋದು. ಅವನ ಕುಕ್ಕೆ ಒಂದ್ಸಲ ಮನೆಗೆ ಬಂದ್ರೆ ಮೊಮ್ಮಕ್ಕಳ ಕಾಲಕ್ಕೂ ಇರೋದು. ಕೈಗೆ ಅಷ್ಟು ಧಾರಾಳವಾಗಿ ಕೊಟ್ಟ ದೇವರು ತಲೆಗೆ ಕೊಡೋವಾಗ ಮಾತ್ರ ಯಾಕೋ ಮುಷ್ಟಿ ಬಿಗಿ ಹಿಡಿದುಬಿಟ್ಟಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದು ಕೂದಲು ಆಚೆ ಇಲ್ಲ, ಈಚೆ ಇಲ್ಲ. ಹಾಲು ಉಕ್ಕೋದ ನೋಡ್ತಿರು ಅಂತ ಅವ್ವ ಹೇಳಿ ಹೋದಳು. ಇವನು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ. ಹಾಲು ಉಕ್ಕಿತು, ನೋಡಿದ. ಒಲೆ ಆರಿತು, ನೋಡಿದ. ಬೆಕ್ಕು ಬಂದು ನೆಲ ನೆಕ್ಕಿತು, ಅದನ್ನೂ ನೋಡಿದ. ಅವ್ವ ಬಂದು ತಲೆ ಚಚ್ಚಿಕೊಂಡರೆ, ಪೂರ್ತಿ ನೋಡಿದೆ ಕಣವ್ವ, ಒಂದು ತೊಟ್ಟೂ ಬಿಡಲಿಲ್ಲ ಅಂದ. ಇಂಥ ಮಗನ್ನ ಇಟ್ಕೊಂಡು ದುಂಡಮ್ಮ ಬೈದು ಬೈದು ಗಂಟಲು ಸವೆಸಿಕೊಂಡಿದ್ದಳು.

ಚೆನ್ನಾಜಿ ಹಂಗಲ್ಲ. ಚುರುಕು ಅಂದ್ರೆ ಚುರುಕು. ಕಾಲೇಜು ಓದ್ತಿದ್ದಳು, ಖೋ ಖೋ ಆಡ್ತಿದ್ದಳು. ಎಂಥಾ ಖೋ ಖೋ ಅಂತೀರಿ, ಮೈದಾನದಲ್ಲಿ ಅವಳ ನೆರಳು ಮುಟ್ಟಿದೋರೂ ಇರಲಿಲ್ಲ. ಈಗ ನೋಡಿ, ರಾಜ್ಯದ ಕಾಲೇಜುಗಳಿಗೆಲ್ಲ ದಾವಣಗೆರೇಲಿ ಪಂದ್ಯ ಇಟ್ಟು, ಇವಳ ತಂಡ ಫೈನಲ್ಲಿಗೆ ಬಂದು ಕೂತಿತ್ತು. ಭಾನುವಾರ ನಾಲ್ಕು ಗಂಟೆಗೆ ಆಟ. ಚೆನ್ನಾಜಿನೇ ನಾಯಕಿ.

ದುಂಡಮ್ಮ ಮಗಳು ಆಡೋದನ್ನ ಒಂದ್ಸಲಾನೂ ನೋಡಿರಲಿಲ್ಲ. ನೋಡಬೇಕು ಅಂತ ಬಹಳ ಆಸೆ. ಅದರ ಮೇಲೆ ಎದುರುಮನೆ ಚಿಕ್ಕಮಾದಮ್ಮನ ಬಾಯಿ. ಹೆಣ್ಣು ಹುಡುಗಿ ಚಡ್ಡಿ ಹಾಕ್ಕೊಂಡು ಊರೂರು ಓಡ್ತಾಳೆ, ಇವಳನ್ನ ಯಾರು ಹಿಡೀತಾರೆ, ಯಾರು ಕಟ್ಕೋತಾರೆ ಅಂತ ನಲ್ಲಿ ಹತ್ತಿರ ದಿನಾ ಆಡೋಳು. ದುಂಡಮ್ಮ ಒಂದಿನ ತಡೀಲಾರದೆ ಅಂದುಬಿಟ್ಟಳು, ಭಾನುವಾರ ನಮ್ಮನೆ ಟೀವೀಲಿ ತೋರಿಸ್ತೀನಿ ಬಾರೆ, ನನ್ನ ಮಗಳು ಏನು ಅಂತ ಬೀದಿಯೆಲ್ಲ ನೋಡ್ಲಿ. ಅಂದದ್ದು ಅಂದಾಯ್ತು. ಆಮೇಲೆ ತಿಳೀತು, ಆ ಪಂದ್ಯ ಯಾವ ಟೀವೀಲೂ ಬರೋದಿಲ್ಲ, ಫೋನಲ್ಲೋ ಕಂಪ್ಯೂಟರಲ್ಲೋ ಮಾತ್ರ ಬರೋದು ಅಂತ.

ಅಂಗೈ ಅಗಲದ ಫೋನಲ್ಲಿ ನೋಡೋಕೆ ನನ್ನ ಮಗಳೇನು ಇರುವೆಯಾ ಅಂತ ದುಂಡಮ್ಮ ಸಿಟ್ಟಾದಳು. ಆಗ ಚೆನ್ನಾಜಿ ದಾವಣಗೆರೆಯಿಂದ ಫೋನ್ ಮಾಡಿ ದಾರಿ ಹೇಳಿದಳು. ಅವಳ ಓದಿಗೆ ಅಂತ ಕಾಲೇಜಿಂದ ಬಂದ ಲ್ಯಾಪ್‌ಟಾಪು ಮನೇಲೇ ಇತ್ತಲ್ಲ, ಅದನ್ನ ಟೀವಿಗೆ ಸೇರಿಸಿದ್ರೆ ಟೀವಿ ತುಂಬ ಕಾಣುತ್ತೆ. ಆದರೆ ನಮ್ಮದು ಹಳೇ ಡಬ್ಬ ಟೀವಿ, ಲ್ಯಾಪ್‌ಟಾಪಿನ ವೈರು ಹಾಕೋ ಜಾಗವೇ ಅದಕ್ಕಿಲ್ಲ. ನಡುವೆ ಹಾಕೋಕೆ ಒಂದು ಸಣ್ಣ ಪೆಟ್ಟಿಗೆ ಬರುತ್ತೆ, ಟೀವಿ ಹಿಂದೆ ಏನಿದೆ ಅಂತ ಹೇಳಿದ್ರೆ ಅಂಗಡಿಯವರು ಕೊಡ್ತಾರೆ. ಅಣ್ಣನ್ನ ಕಳಿಸವ್ವ ಅಂದಳು.

ಶನಿವಾರ ಬೆಳಿಗ್ಗೆ ದುಂಡಮ್ಮ ಮಗನ್ನ ಎದುರಿಗೆ ಕೂರಿಸ್ಕೊಂಡು ಬಿಡಿಸಿ ಬಿಡಿಸಿ ಹೇಳಿದಳು. ಟೀವಿ ಹಿಂದೆ ಏನೇನದೆ ಚೆನ್ನಾಗಿ ನೋಡ್ಕೊ. ಪೇಟೇಲಿ ಟೀವಿ ರಿಪೇರಿ ರಫೀಕಣ್ಣ ಇದ್ದಾರಲ್ಲ, ಅವರಿಗೆ ಹೇಳು. ಅವರು ಕೊಟ್ಟದ್ದ ತಗೊಂಡು ಬಾ.

ಮುದ್ದುಮಾದ ಗೋಡೆಗೂ ಟೀವಿಗೂ ನಡುವೆ ತಲೆ ತೂರಿಸಿ ಚೆನ್ನಾಗಿ ನೋಡ್ಕೊಂಡ. ಪೇಟೆಗೆ ಹೋಗಿ ರಫೀಕಣ್ಣನ ಮುಂದೆ ಕೈ ಕಟ್ಟಿ ನಿಂತು ಒಪ್ಪಿಸಿದ. ನಮ್ಮ ಟೀವಿ ಹಿಂದೆ ಗೋಡೆ ಅದೆ. ಗೋಡೇಲಿ ಮೊಳೆ ಅದೆ. ಮೊಳೇಲಿ ಹೋದ ವರ್ಷದ ಕ್ಯಾಲೆಂಡರು ಅದೆ. ಒಂದು ಹಲ್ಲಿ ಅದೆ, ಬಾಲ ಇಲ್ಲ. ನಮ್ಮವ್ವ ಯುಗಾದಿಯಿಂದ ಹುಡುಕ್ತಾ ಇರೋ ಬಾಚಣಿಗೆ ಅದೆ.

ರಫೀಕಣ್ಣ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಹೊಟ್ಟೆ ಹಿಡ್ಕೊಂಡ. ಆ ಹಲ್ಲಿಗೆ ಬೇಕಾದ ಸಾಮಾನು ನನ್ನ ಹತ್ತಿರ ಇಲ್ಲ ಮಾರಾಯ, ಮನೆಗೆ ಹೋಗಿ ಅವ್ವನ್ನ ಕೇಳ್ಕೊಂಡು ಬಾ ಅಂತ ಕಳಿಸಿದ.

ಮಗ ಬರಿಗೈಲಿ ಬಂದ. ಬರಿಗೈ ಅಂತಾನೂ ಅನ್ನೋ ಹಾಗಿಲ್ಲ, ಟೀವಿ ಹಿಂದಿನ ಬಾಚಣಿಗೆ ತೆಗೆದು ಅವ್ವನ ಕೈಗೆ ಕೊಟ್ಟ. ಅವಳಿಗೆ ಅದು ಸಿಕ್ಕಿದ ಸಂತೋಷ ಒಂದು ಕಡೆ, ಇವನ ಮೇಲಿನ ಸಿಟ್ಟು ಒಂದು ಕಡೆ. ಗೋಡೆ ಯಾಕ್ಲಾ ನೋಡ್ದೆ, ಗೋಡೆ ಏನು ಆಟ ಆಡ್ತದಾ? ಟೀವಿ ಬೆನ್ನ ನೋಡು. ಬೆನ್ನಲ್ಲಿ ತೂತು ಇರ್ತವೆ. ಆ ತೂತು ಎಷ್ಟವೆ ಅಂತ ಎಣಿಸಿ ಹೋಗಿ ಹೇಳು ಅಂದಳು.

ಆಗಲಿ ಕಣವ್ವ ಅಂತ ಮುದ್ದುಮಾದ ಟೀವಿ ಬೆನ್ನಿಗೆ ಕೂತ. ಹಳೇ ಟೀವಿ ಬೆನ್ನು ನೀವು ನೋಡಿದ್ದೀರಲ್ಲ, ಬಿಸಿ ಗಾಳಿ ಹೋಗಲಿ ಅಂತ ಮೇಲಿಂದ ಕೆಳಗೆ ಸಣ್ಣ ಸಣ್ಣ ಕಂಡಿ ಇರ್ತವೆ. ಎಲ್ಲಾನೂ ಎಣಿಸೋಕೆ ಶುರು ಮಾಡಿದ. ಹತ್ತಾದ್ರೆ ಒಂದು ಬಿದಿರು ಕಡ್ಡಿ ಪಕ್ಕಕ್ಕೆ ಇಟ್ಟ. ನೂರ ಎಂಬತ್ತಕ್ಕೆ ಬಂದಾಗ ಹುಂಜ ಕೂಗಿ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಹಿಡಿದ. ಮಧ್ಯಾಹ್ನ ತಿರುಗೋ ಹೊತ್ತಿಗೆ ಪೇಟೆಗೆ ಓಡಿದ. ಮುನ್ನೂರ ನಲವತ್ತಾರು ಅಂದ.

ಅಷ್ಟು ತೂತಿದ್ರೆ ಅದು ಟೀವಿ ಅಲ್ಲಪ್ಪ, ಜರಡಿ ಅಂದ ರಫೀಕಣ್ಣ. ಆದರೂ ಒಳ್ಳೆ ಮನುಷ್ಯ. ಅವುಗಳಲ್ಲಿ ಬಣ್ಣದ್ದು ಎಷ್ಟು ಅಂತ ಕೇಳಿದ. ಮೂರು, ಒಂದು ಕೆಂಪು, ಒಂದು ಹಳದಿ, ಒಂದು ಬಿಳಿ ಅಂದ ಮುದ್ದುಮಾದ. ಸಿಕ್ಕಿತಲ್ಲ ಅಂತ ರಫೀಕಣ್ಣ ಒಂದು ಸಣ್ಣ ಕರೀ ಪೆಟ್ಟಿಗೆ, ಒಂದೆರಡು ವೈರು ತೆಗೆದು ಕೊಟ್ಟ. ಲ್ಯಾಪ್‌ಟಾಪು ಹೊಸ ಕಾಲದ್ದು, ನಿಮ್ಮ ಟೀವಿ ಅಜ್ಜನ ಕಾಲದ್ದು, ಅದರ ಮಾತು ಇದಕ್ಕೆ ತಿಳಿಯೋದಿಲ್ಲ, ಈ ಪೆಟ್ಟಿಗೆ ನಡುವೆ ನಿಂತು ತಿಳಿಯೋ ಹಾಗೆ ಹೇಳುತ್ತೆ ಅಂದ. ಲ್ಯಾಪ್‌ಟಾಪಿನ ವೈರನ್ನ ತಾನೇ ಪೆಟ್ಟಿಗೆಗೆ ಸಿಕ್ಕಿಸಿ ಕೊಟ್ಟ. ಟೀವಿ ಕಡೆಗೆ ಮಾತ್ರ ಜೋಪಾನ, ಕೆಂಪಿಗೆ ಕೆಂಪು ಹಾಕು, ಹಳದಿಗೆ ಹಳದಿ ಹಾಕು, ಬಿಳಿಗೆ ಬಿಳಿ ಹಾಕು, ಅದಲು ಬದಲು ಮಾಡಬೇಡ ಅಂದ.

ಕೆಂಪಿಗೆ ಕೆಂಪು, ಹಳದಿಗೆ ಹಳದಿ, ಬಿಳಿಗೆ ಬಿಳಿ. ದಾರಿಯುದ್ದಕ್ಕೂ ಅದನ್ನೇ ಹೇಳ್ಕೊಂಡು ಬಂದ. ಯಾರೋ ಊಟ ಆಯ್ತಾ ಅಂದರು, ಕೆಂಪಿಗೆ ಕೆಂಪು ಅಂದ.

ಅವ್ವ ಮನೇಲಿ ಇರಲಿಲ್ಲ. ಮದುವೆ ಮನೆಯವರು ಬಾಗಿನಕ್ಕೆ ಹೇಳಿದ್ದ ಮೊರ ಕೊಡೋಕೆ ಹೋಗಿದ್ದಳು. ಸಂಜೆ ಬಂದು ಬಾಗಿಲಲ್ಲಿ ನಿಂತು ನೋಡ್ತಾಳೆ, ಟೀವಿ ಈಕಡೆ ಬೆನ್ನು ಮಾಡಿ ಕೂತಿದೆ, ಬೆನ್ನ ಮೇಲೆ ಒಂದು ಕಡೆ ಕುಂಕುಮ, ಒಂದು ಕಡೆ ಅರಿಸಿನ, ಒಂದು ಕಡೆ ವಿಭೂತಿ. ಕಂಡ ತಕ್ಷಣ ರೂಢಿ ಮೇಲೆ ಕೈ ಎರಡೂ ಮುಗಿದುಬಿಟ್ಟಳು. ಮುಗಿದ ಮೇಲೆ ಮುಗಿದದ್ದು ಯಾರಿಗೆ ಅಂತ ಜ್ಞಾನ ಬಂತು. ಹತ್ತಿರ ಹೋದರೆ ಕೆಂಪು ತೂತಿನ ತುಂಬ ಕುಂಕುಮ ಗಿಡಿದವನೆ, ಹಳದಿ ತೂತಿನ ತುಂಬ ಅರಿಸಿನ, ಬಿಳಿ ತೂತಿನ ತುಂಬ ವಿಭೂತಿ. ತಂದ ವೈರು ಮಾತ್ರ ಮೊಳೇಲಿ ನೇತಾಡ್ತಾ ಇದೆ. ಒಂದು ಚಿಟಿಕೇನೂ ಅದಲು ಬದಲು ಮಾಡಿಲ್ಲ ಕಣವ್ವ ಅಂತ ಮಗ ಎದೆ ಉಬ್ಬಿಸಿ ನಿಂತವನೆ.

ದುಂಡಮ್ಮ ಊದಿದಳು. ಅರಿಸಿನ ಎಲ್ಲ ಮೂಗಿಗೆ ಬಂದು ಒಂಬತ್ತು ಸೀನು ಸೀನಿದಳು. ಒಂದೊಂದು ಸೀನಿನ ನಡುವೆ ಒಂದೊಂದು ಬೈಗುಳ. ಕೊನೆಗೆ ಮುದ್ದುಮಾದನೇ ಬಿದಿರಿನ ಎಳೆ ಕೂದಲಷ್ಟು ಸಣ್ಣಗೆ ಸೀಳಿ, ತುದಿಗೆ ಬಟ್ಟೆ ಸುತ್ತಿ ಮೂರು ತೂತನ್ನೂ ಚೊಕ್ಕ ಮಾಡಿದ. ಆ ಕೆಲಸದಲ್ಲಿ ಅವನನ್ನ ಏನಂತಲೂ ಅನ್ನೋ ಹಾಗಿರಲಿಲ್ಲ.

ಅಷ್ಟರಲ್ಲಿ ಚೆನ್ನಾಜಿ ಫೋನು. ನಡೆದದ್ದೆಲ್ಲ ಕೇಳಿ ಅವಳು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಹೇಳಿದಳು, ವೈರಿನ ತುದೀಲಿ ಮುಂದೆ ಚಾಚಿರೋದಕ್ಕೆ ಗಂಡು ಅಂತಾರೆ, ಅದು ಹೋಗಿ ಕೂರೋ ತೂತಿಗೆ ಹೆಣ್ಣು ಅಂತಾರೆ, ಗಂಡನ್ನ ಹೆಣ್ಣಿಗೆ ಸೇರಿಸಿದ್ರೆ ಆಯ್ತು, ನಾಳೆ ಮೂರು ಗಂಟೆಗೆ ಸೇರಿಸಿ ಇಟ್ಕೊಂಡ್ರೆ ಸಾಕು ಅಂತ.

ದುಂಡಮ್ಮ ಫೋನ್ ಇಟ್ಟು ಮಗನ ಕಡೆ ತಿರುಗಿದಳು. ಕುಂಕುಮ ಅರಿಸಿನ ಅಲ್ಲ ಕಣ್ಲಾ ಹಾಕೋದು. ಗಂಡು ಹೆಣ್ಣು ಇರ್ತವಂತೆ, ನಾಳೆ ಮೂರು ಗಂಟೆಗೆ ಗಂಡು ಹೆಣ್ಣು ಸೇರಿಸ್ಬೇಕು. ನೀನೊಬ್ಬನೇ ಮಾಡಕ್ಕೆ ಹೋಗ್ಬೇಡ, ತಿಳಿದೋರಿಗೆ ಒಂದು ಮಾತು ಹೇಳಿ ಮಾಡು.

ಹೇಳಿದಳಲ್ಲ, ಹೇಳಬಾರದಿತ್ತು. ತಿಳಿದೋರು ಅಂದ್ರೆ ಅವನಿಗೆ ಯಾರು? ಬೀದೀಲಿ ಅವನಿಗೆ ತಿಳಿಯದೋರು ಯಾರಿದ್ದಾರೆ? ಭಾನುವಾರ ಬೆಳಿಗ್ಗೆ ಎದ್ದವನು ಮುಖ ತೊಳೆದು, ತೊಳೆದ ಅಂಗಿ ಹಾಕ್ಕೊಂಡು, ಮೊದಲನೇ ಮನೆಯಿಂದ ಕೊನೇ ಮನೆವರೆಗೂ ಬಾಗಿಲು ಬಾಗಿಲಿಗೆ ಹೋಗಿ ಹೇಳ್ಕೊಂಡು ಬಂದ. ಇವತ್ತು ಮೂರು ಗಂಟೆಗೆ ನಮ್ಮನೇಲಿ ಗಂಡು ಹೆಣ್ಣು ಸೇರಿಸ್ತೀವಿ, ಅವ್ವ ಹೇಳಕ್ಕೆ ಹೇಳವ್ಳೆ.

ನಗಬೇಡಿ ಅಂದೆ.

ಎರಡೂಮುಕ್ಕಾಲಿಗೆ ದುಂಡಮ್ಮ ಕಸ ಗುಡಿಸ್ತಾ ಇದ್ದಳು. ಬೀದೀಲಿ ಬಳೆ ಸದ್ದು. ತಲೆ ಎತ್ತಿದ್ರೆ ಬೀದಿ ಹೆಂಗಸರೆಲ್ಲ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು, ಮುಡಿ ತುಂಬ ಹೂ ಮುಡಿದು ಬರ್ತಾವ್ರೆ. ಗಂಡಸರು ಹಿಂದೆ ಹೆಗಲ ಮೇಲೆ ಟವಲು ಹಾಕ್ಕೊಂಡವ್ರೆ. ಎಲ್ಲರಿಗಿಂತ ಮುಂದೆ ಚಿಕ್ಕಮಾದಮ್ಮ, ಕೈಲಿ ತಟ್ಟೆ, ತಟ್ಟೇಲಿ ಎಲೆ ಅಡಿಕೆ, ಅರಿಸಿನ ಕುಂಕುಮ, ತೆಂಗಿನಕಾಯಿ. ಬಂದೋಳೇ ದುಂಡಮ್ಮನ ಎರಡೂ ಕೈ ಹಿಡ್ಕೊಂಡಳು.

"ನನ್ನ ಬಾಯಿ ಕೆಟ್ಟದು ದುಂಡಕ್ಕ, ಮನಸಿಗೆ ಹಾಕ್ಕೋಬೇಡ. ಅಂತೂ ಓಡೋ ಹೆಣ್ಣನ್ನ ಒಂದು ಕಡೆ ನಿಲ್ಲಿಸ್ದಲ್ಲ, ಪುಣ್ಯ ಬರ್ಲಿ. ಗಂಡು ಯಾವೂರೋನು?"

ದುಂಡಮ್ಮನಿಗೆ ತಲೆಬುಡ ತಿಳೀಲಿಲ್ಲ. ಒಳಗಿಂದ ಮುದ್ದುಮಾದ ವೈರಿನ ತುದಿ ಹಿಡ್ಕೊಂಡು ಬಂದು ಎಲ್ಲರಿಗೂ ಕಾಣೋ ಹಾಗೆ ಎತ್ತಿ ತೋರಿಸಿದ. ಇದೇ ಗಂಡು, ಪೇಟೆಯಿಂದ ನಾನೇ ತಂದೆ ಅಂದ.

ಹೆಂಗಸರು ವೈರಿನ ತುದಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ಆಮೇಲೆ ಒಬ್ಬಳು ಕಿಸಕ್ ಅಂದಳು, ಮುಗೀತು, ಬೀದಿಗೆ ಬೀದೀನೇ ನಕ್ಕಿತು. ಚಿಕ್ಕಮಾದಮ್ಮ ನಗಲಿಲ್ಲ. ತಟ್ಟೆಯನ್ನ ಸೆರಗಿನೊಳಗೆ ಮುಚ್ಕೊಂಡು, ಮಗನೇ ಇಂಥೋನು, ಇನ್ನು ಮಗಳ ಆಟ ಏನಿದ್ದೀತು ಅಂತ ತಿರುಗಿ ಹೊರಟಳು.

ಆ ಮಾತು ದುಂಡಮ್ಮನ ಎದೆಗೆ ನಾಟಿತು. ಭೂಮಿ ಬಾಯಿ ಬಿಟ್ಟಿದ್ರೆ ಇಳಿದುಬಿಡ್ತಿದ್ದಳು. ಭೂಮಿ ಬಾಯಿ ಬಿಡಲಿಲ್ಲ, ಅದಕ್ಕೆ ತಾನೇ ಬಿಟ್ಟಳು.

"ನಿಂತ್ಕೊಳೆ ಚಿಕ್ಕಮಾದಿ. ಬಂದೋರು ಕೂತು ಹೋಗ್ಬೇಕು. ಮದ್ವೆ ಇಲ್ಲ, ನನ್ನ ಮಗಳ ಆಟ ಅದೆ. ನಾನು ಹೆತ್ತೋಳು, ನಾನೂ ಇವತ್ತೇ ಮೊದಲು ನೋಡ್ತಿರೋದು. ಚೆನ್ನಾಗಿಲ್ಲ ಅಂದ್ರೆ ನಾಳೆಯಿಂದ ನೀನು ಏನು ಬೇಕಾದ್ರೂ ಆಡು, ನಾನು ಎದುರಾಡಲ್ಲ."

ಪಣ ಅಂದ್ರೆ ಇದು. ಚಿಕ್ಕಮಾದಮ್ಮ ನಿಂತಳು. ಬೀದಿಯೆಲ್ಲ ಚಾಪೆ ಮೇಲೆ ಕೂತಿತು.

ಮಗನಿಗೆ ಬೈಯೋಕೂ ಪುರುಸೊತ್ತಿಲ್ಲ. ದುಂಡಮ್ಮ ವೈರಿನ ಒಂದೊಂದು ಬಣ್ಣ ತೋರಿಸ್ತಾ ಬಂದಳು, ಮುದ್ದುಮಾದ ಒಂದೊಂದೇ ಕೂರಿಸ್ತಾ ಬಂದ. ಅವನ ಬೆರಳಿಗೆ ಅದೆಷ್ಟರ ಕೆಲಸ. ಚಿಕ್ಕಮಾದಮ್ಮನ ಸೊಸೆ ನಾಗವೇಣಿ ಪಿಯುಸಿ ಓದಿದವಳು, ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು. ಕರೀ ಪೆಟ್ಟಿಗೇಲಿ ಕೆಂಪು ದೀಪ ಹತ್ತಿತು. ಲ್ಯಾಪ್‌ಟಾಪಲ್ಲಿ ಇದ್ದದ್ದು ಟೀವೀಲೂ ಬಂತು. ಬಂತು ಬಂತು ಅಂತ ಎಲ್ಲರೂ ಮುಂದೆ ಜರುಗಿದರು. ಬಂದದ್ದೇನು, ಒಂದು ಬಳೆಯಂಥದ್ದು ನಡುವೆ ಗಿರ ಗಿರ ಸುತ್ತುತಾ ಇತ್ತು. ಸುತ್ತಿದ್ದೇ ಸುತ್ತಿದ್ದು.

ನೆಟ್ ಇದ್ರೆ ಬರ್ತದೆ, ಇಲ್ದಿದ್ರೆ ಎಷ್ಟು ಕಾದ್ರೂ ಬರಲ್ಲ ಅಂದಳು ನಾಗವೇಣಿ. ತನ್ನ ಫೋನಿಂದ ಕೊಡ್ತೀನಿ ಅಂತ ಅದನ್ನ ತರೋಕೆ ಮನೆಗೆ ಎದ್ದಳು. ದುಂಡಮ್ಮ ಬಂದೋರಿಗೆ ಪಾನಕ ಮಾಡೋಕೆ ಒಳಗೆ ಹೊರಟಳು. ಹೋಗ್ತಾ ಮಗನಿಗೆ ಅಂದಳು, ನಿನ್ನ ಬುದ್ಧಿ ಓಡಿಸ್ಬೇಡ, ನಾಗವೇಣಿ ಏನು ಹೇಳಿದ್ಲೋ ಅಷ್ಟು ಮಾಡು.

ನಾಗವೇಣಿ ಹೇಳಿದ್ದು ಏನು? ನೀವೇ ಒಂದ್ಸಲ ಬೇಗ ಹೇಳ್ಕೊಂಡು ನೋಡಿ. ಮೆಲ್ಲಗೆ ಹೇಳಿದ್ರೆ ಒಂದು, ಬೇಗ ಹೇಳಿದ್ರೆ ಇನ್ನೊಂದು.

ಪಾನಕ ತಂದ ದುಂಡಮ್ಮ ನೋಡ್ತಾಳೆ, ಟೀವಿ ಇದೆ, ಪೆಟ್ಟಿಗೆ ಇದೆ, ವೈರಿದೆ, ಲ್ಯಾಪ್‌ಟಾಪಿಲ್ಲ. ಮಗನೂ ಇಲ್ಲ. ಕೂತೋರು ಹಿತ್ತಲ ಕಡೆ ಕೈ ತೋರಿಸಿದರು. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ. ಹಿತ್ತಲಿಗೆ ಓಡಿದಳು. ಅವರೆ ಬಳ್ಳಿ ಪಕ್ಕ ಪಾತಿ ಅಗೆದು, ಲ್ಯಾಪ್‌ಟಾಪನ್ನ ನಿಲ್ಲಿಸಿ, ಬುಡಕ್ಕೆ ಎರಡೂ ಕಡೆ ಮಣ್ಣು ಒತ್ತಿ, ಕೋಳಿ ಕೆದಕದ ಹಾಗೆ ಸುತ್ತ ಬಿದಿರು ತಟ್ಟಿ ಕಟ್ಟವನೆ. ಕೈಲಿ ನೀರಿನ ಚೊಂಬು.

"ನೆಟ್ಟಿವ್ನಿ ಕಣವ್ವ," ಅಂದ. "ನೆಟ್ಟಿದ್ರೆ ಬರ್ತದಂತೆ. ನೀರು ಹುಯ್ಯೋದೊಂದು ಬಾಕಿ."

ದುಂಡಮ್ಮ ಚೊಂಬಿಗೆ ಕೈ ಹಾಕಿದ ರಭಸಕ್ಕೆ ನೀರೆಲ್ಲ ಅವಳ ಮೈ ಮೇಲೇ ಹುಯ್ಕೊಂಡಿತು. ಹುಯ್ಕೊಳ್ಳಲಿ. ಲ್ಯಾಪ್‌ಟಾಪು ಕಿತ್ತು ಸೆರಗಲ್ಲಿ ಮಣ್ಣು ಒರೆಸ್ಕೊಂಡು ಓಡಿಬಂದಳು. ಅದು ಗಾಳೀಲಿ ಬರೋ ನೆಟ್ಟು ಕಣ್ಲಾ, ಮಣ್ಣಲ್ಲಿ ನೆಡೋ ನೆಟ್ಟಲ್ಲ, ನನ್ನ ಹೊಟ್ಟೇಲಿ ಹುಟ್ಟಿ ನನ್ನ ಮಾನ ಕಳೀತಿಯಲ್ಲೋ ಅಂತ ದಾರಿಯುದ್ದಕ್ಕೂ ಬೈಗುಳ. ನಾಗವೇಣಿ ಫೋನ್ ಹತ್ತಿರ ಇಟ್ಟಳು, ಏನೋ ಒತ್ತಿದಳು. ಸುತ್ತೋ ಬಳೆ ನಿಂತಿತು. ಮೈದಾನ ಕಾಣಿಸಿತು. ಕಾಣಿಸಿ ಮಾಯ ಆಯ್ತು.

ಇವನು ಅವಸರದಲ್ಲಿ ಎಳೆದಾಗ ಟೀವಿ ಬೆನ್ನಿನ ಹಳದಿ ತೂತು ಸಡಿಲ ಆಗಿತ್ತು. ಬೆರಳಲ್ಲಿ ಒತ್ತಿ ಹಿಡಿದ್ರೆ ಚಿತ್ರ ಬರ್ತಿತ್ತು, ಬಿಟ್ಟರೆ ಹೋಗ್ತಿತ್ತು. ದುಂಡಮ್ಮ ಮಗನ ತೋಳು ಹಿಡಿದು ಟೀವಿ ಹಿಂದಕ್ಕೆ ನೂಕಿದಳು.

"ಇಲ್ಲಿ ಒತ್ತಿ ಹಿಡ್ಕೊ. ಅಲ್ಲಾಡ್ಬೇಡ. ಆಚೆ ಈಚೆ ನೋಡ್ಬೇಡ. ನಾನು ಬುಡು ಅನ್ನೋಗಂಟ ಬುಡ್ಬೇಡ."

ಆಗಲಿ ಕಣವ್ವ ಅಂತ ಹಿಡ್ಕೊಂಡ. ಚಿತ್ರ ಬಂತು. ಬಂತು ಅಂದ್ರೆ ಕನ್ನಡಿ ಹಂಗೆ ಬಂತು.

ಆಟ ಶುರುವಾಯ್ತು. ಮೊದಮೊದಲು ಬೀದಿಗೆ ತಲೆ ಕಾಲು ತಿಳೀಲಿಲ್ಲ. ಸಾಲಾಗಿ ಹುಡುಗೀರು ಕೂತವ್ರೆ, ಒಬ್ಬಳ ಮುಖ ಅತ್ತ, ಒಬ್ಬಳ ಮುಖ ಇತ್ತ. ಒಬ್ಬಳು ಅಟ್ಟಿಸ್ಕೊಂಡು ಬರ್ತಾಳೆ, ಕೂತೋಳ ಬೆನ್ನು ತಟ್ಟಿ ಖೋ ಅಂತಾಳೆ, ತಟ್ಟಿಸ್ಕೊಂಡೋಳು ಎದ್ದು ಅಟ್ಟಿಸ್ತಾಳೆ. ಓಡೋರು ಕೈಗೆ ಸಿಗಬಾರದು, ಅಷ್ಟೇ. ನಾಗವೇಣಿ ಬಿಡಿಸಿ ಹೇಳಿದಳು. ಚೆನ್ನಾಜಿ ತಂಡದ ಮೇಲೆ ಗೆಲ್ಲೋಕೆ ಎದುರಿನೋರಿಗೆ ಇನ್ನೊಂದೇ ಒಂದು ಅಂಕ ಬೇಕು, ಎರಡು ನಿಮಿಷ ಬಾಕಿ, ಓಡೋರಲ್ಲಿ ಉಳಿದಿರೋಳು ಚೆನ್ನಾಜಿ ಒಬ್ಬಳೇ ಅನ್ನೋ ಹೊತ್ತಿಗೆ ಪಾನಕದ ಲೋಟ ಯಾರ ಕೈಲೂ ಅಲ್ಲಾಡ್ತಿರಲಿಲ್ಲ.

ಚೆನ್ನಾಜಿ ಓಡಿದಳು. ದುಂಡಮ್ಮ ನೋಡಿದಳು. ಕೂತ ಹುಡುಗೀರ ಸಂದೀಲಿ ಒಬ್ಬಳ ಹಿಂದೆ, ಒಬ್ಬಳ ಮುಂದೆ, ಒಬ್ಬಳ ಹಿಂದೆ, ಒಬ್ಬಳ ಮುಂದೆ. ಕುಕ್ಕೆ ಹೆಣೆಯೋವಾಗ ಎಳೆ ಹೋಗುತ್ತಲ್ಲ, ಹಾಗೇ ಹೋದಳು ನನ್ನ ಮಗಳು ಅಂತ ಆಮೇಲೆ ಎಷ್ಟು ಜನಕ್ಕೆ ಹೇಳಿದಳೋ. ಕಂಬದ ಹತ್ತಿರ ಸಿಕ್ಕಿಬಿದ್ದಳು ಅನ್ನೋವಾಗ ಬಾಗಿ ತಿರುಗಿದಳು, ಅಟ್ಟಿಸಿದವಳು ನೆಲಕ್ಕೆ ಬಿದ್ದಳು. ಎರಡು ನಿಮಿಷ ಮುಗೀತು. ಪೀಪಿ ಊದಿದರು. ಹುಡುಗೀರೆಲ್ಲ ಚೆನ್ನಾಜಿಯನ್ನ ಹೆಗಲ ಮೇಲೆ ಎತ್ಕೊಂಡರು.

ಮೇದರ ಬೀದಿ ಎದ್ದು ನಿಂತು ಕೂಗಿತು. ಯಾರ ಮಗಳು, ನಮ್ಮ ದುಂಡಕ್ಕನ ಮಗಳು. ಚಿಕ್ಕಮಾದಮ್ಮ ಸೆರಗಿನೊಳಗೆ ಮುಚ್ಚಿಟ್ಟಿದ್ದ ತಟ್ಟೆ ತೆಗೆದಳು, ಟೀವಿ ಹತ್ತಿರ ಹೋದಳು, ಗಾಜಿನ ಮೇಲೆ ಚೆನ್ನಾಜಿ ಹಣೆ ಎಲ್ಲಿತ್ತೋ ಅಲ್ಲಿಗೆ ಸರಿಯಾಗಿ ಕುಂಕುಮ ಇಟ್ಟಳು. ನಮ್ಮ ಬೀದಿ ಹೆಣ್ಣು ಕಣ್ರೇ ಅಂದಳು. ನಮ್ಮ ಬೀದಿ ಅಂತೆ. ಇರಲಿ, ಅನ್ನಲಿ ಬಿಡಿ.

ಆಗ ಮೈಕು ಹಿಡಿದೋರು ಒಬ್ಬರು ಬಂದು ಚೆನ್ನಾಜಿಯನ್ನ ಕೇಳಿದರು, ಇಷ್ಟು ಚೆನ್ನಾಗಿ ತಪ್ಪಿಸ್ಕೊಂಡು ಓಡೋದು ನಿಮಗೆ ಕಲಿಸಿದೋರು ಯಾರು ಅಂತ. ಚೆನ್ನಾಜಿಗೆ ಇನ್ನೂ ಏದುಸಿರು.

"ನಮ್ಮಣ್ಣ," ಅಂದಳು. "ನಾನು ಚಿಕ್ಕವಳಿದ್ದಾಗ, ಅಣ್ಣಾ, ದಿನಾ ಅಟ್ಟಿಸ್ಕೊಂಡು ಬಾ, ನಾನು ಸಾಕು ಅನ್ನೋವರೆಗೂ ನಿಲ್ಲಬೇಡ ಅಂದಿದ್ದೆ. ಅವನು ಹೇಳಿದ್ದ ಹೇಳಿದ ಹಾಗೇ ಮಾಡೋನು. ಬಿಸಿಲು ಅನ್ನಲಿಲ್ಲ, ಹಬ್ಬ ಅನ್ನಲಿಲ್ಲ, ಒಂದಿನ ತಪ್ಪಿಸಲಿಲ್ಲ, ಕೆರೆ ಏರಿ ಮೇಲೆ ಅಟ್ಟಿಸ್ಕೊಂಡು ಬಂದ. ಹನ್ನೆರಡು ವರ್ಷ ಆಯ್ತು. ಅವನನ್ನ ತಪ್ಪಿಸ್ಕೊಂಡ ಮೇಲೆ ಇನ್ಯಾರು ನನ್ನ ಹಿಡೀತಾರೆ? ನಾನಿನ್ನೂ ಸಾಕು ಅಂದಿಲ್ಲ."

ಎಲ್ಲರೂ ಮುದ್ದುಮಾದನ್ನ ಹುಡುಕಿದರು. ಕಾಣಲಿಲ್ಲ. ಆಗ ದುಂಡಮ್ಮನಿಗೆ ನೆನಪಾಯ್ತು. ಟೀವಿ ಹಿಂದಕ್ಕೆ ಇಣುಕಿದಳು.

ಇದ್ದ. ಇಟ್ಟ ಬೆರಳು ಇಟ್ಟ ಹಾಗೇ ಇದ್ದ. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಗಿತ್ತು, ಒರೆಸ್ಕೊಂಡಿರಲಿಲ್ಲ. ಅಲ್ಲಾಡಬೇಡ ಅಂದಿದ್ದಳಲ್ಲ. ಬೀದಿಯೆಲ್ಲ ನೋಡಿದ ಆಟವನ್ನ ಅವನೊಬ್ಬನೇ ನೋಡಿರಲಿಲ್ಲ. ಆಚೆ ಈಚೆ ನೋಡಬೇಡ ಅಂದಿದ್ದಳಲ್ಲ.

ಬೈದೂ ಬೈದೂ ಗಂಟಲು ಸವೆಸಿಕೊಂಡಿದ್ದ ದುಂಡಮ್ಮ ಸೆರಗಿನ ತುದೀಲಿ ಮಗನ ಹಣೆ ಬೆವರು ಒರೆಸಿದಳು. ಕಣ್ಣಲ್ಲಿ ನೀರು ತುಂಬ್ಕೊಂಡಿತು. ಮಗಳು ಗೆದ್ದದ್ದಕ್ಕಿಂತ ಒಂದು ಕೈ ಮೇಲಾಗಿ ಮಗನ ಮೇಲೆ ಹೆಮ್ಮೆ ಉಕ್ಕಿತು ಅವಳಿಗೆ. ಸುಳ್ಳು ಹೇಳ್ತಿಲ್ಲ ನಾನು, ಅವಳೇ ಹೇಳಿದ್ದು.

"ಬುಡು ಮಗ," ಅಂದಳು. "ಆಯ್ತು. ನಿನ್ನ ತಂಗಿ ಗೆದ್ದಳು."

ಬಿಟ್ಟ. ಟೀವಿ ನೀಲಿ ಆಯ್ತು. ಮುಂದೆ ಬಂದು ನೋಡಿದ, ತಂಗಿ ಇರಲಿಲ್ಲ. ಮರಗಟ್ಟಿದ ಬೆರಳು ನೀವಿಕೊಳ್ತಾ, ಅವಳು ಕಾಲು ನೋವು ಅಂದ್ಲಾ ಕಣವ್ವ ಅಂತ ಕೇಳಿದ.

ದುಂಡಮ್ಮ ಅವನ ತಲೆ ಸವರಿ, ಇಲ್ಲ ಮಗ ಅಂದಳು. ಆಮೇಲೆ ಬೀದಿಯೋರ ಕಡೆ ತಿರುಗಿ ಮೂಗೊರೆಸ್ಕೊಂಡು, ಸಂತೋಷ ತಡೀಲಾರದೆ ಒಂದು ಮಾತಂದಳು. ಈ ಬೀದಿ ನೋಡಿದ್ರೆ ಏನಾಯ್ತು, ಇಂಥ ಹೆಣ್ಣನ್ನ ಊರಿಗೆಲ್ಲ ತೋರಿಸ್ಬೇಕು ಕಣ್ಲಾ ಮುದ್ದುಮಾದ.

ಆಗಲಿ ಕಣವ್ವ ಅಂದ ಮುದ್ದುಮಾದ.

ಅವಳು ಅತ್ತ ಅಳೋದು ನಗೋದು ಮುಗಿಸಿ ಇತ್ತ ತಿರುಗೋ ಹೊತ್ತಿಗೆ ವೈರೆಲ್ಲ ಬಿಚ್ಚಿ, ಟೀವಿ ಎತ್ತಿ ತಲೆ ಮೇಲೆ ಇಟ್ಕೊಂಡು ಬಾಗಿಲು ದಾಟಿದ್ದ. ಬೀದೀಲಿ ನಿಂತು ಅತ್ತ ಒಂದ್ಸಲ ಇತ್ತ ಒಂದ್ಸಲ ತಿರುಗಿದ. ನೋಡಿ, ನನ್ನ ತಂಗಿ, ನೋಡಿ, ಗೆದ್ದವ್ಳೆ ಅಂದ. ಜನ ನೋಡಿದರು. ಕಪ್ಪಗೆ ಆರಿಹೋದ ಗಾಜು, ಅದರ ನಡುವೆ ಒಂದು ಕುಂಕುಮದ ಬೊಟ್ಟು. ಬೇರೆ ಬೀದಿಯೋರೂ ಬಾಗಿಲಿಗೆ ಬಂದರು. ಯಾರೂ ಅವನಿಗೆ ಏನೂ ಕಾಣಲ್ವಲ್ಲೋ ಅನ್ನಲಿಲ್ಲ.

ದುಂಡಮ್ಮ ಹಿಂದೇ ಓಡಿಬಂದಳು. ಬೈಯೋಕೆ ಅಂತಲೇ ಬಾಯಿ ತೆಗೆದಳು. ತೆಗೆದ ಬಾಯಲ್ಲಿ ಬಂದದ್ದು ಬೇರೆ. ಅಷ್ಟು ಭಾರ ಬರೀ ತಲೆ ಮೇಲೆ ಹೊತ್ತರೆ ನೋಯಲ್ವಾ ಮಗ ಅಂತ ಬಟ್ಟೆ ಸುತ್ತಿ ಸಿಂಬೆ ಮಾಡಿ ಅವನ ಕೈಗೆ ಕೊಟ್ಟಳು. "ತಗೊ, ತಲೆ ಮೇಲೆ ಇಕ್ಕು."

ಮುದ್ದುಮಾದ ಒಂದು ಕೈಲಿ ಟೀವಿ ಹಿಡ್ಕೊಂಡು, ಇನ್ನೊಂದು ಕೈ ಮೇಲೆತ್ತಿ, ಆ ಸಿಂಬೆಯನ್ನ ಜೋಪಾನವಾಗಿ ಟೀವಿ ತಲೆ ಮೇಲೆ ಇಕ್ಕಿದ.

ದುಂಡಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ನೋಡಿದಳು. ಕೆಳಗೆ ಮಗ, ಮೇಲೆ ಕುಂಕುಮ ಇಟ್ಕೊಂಡ ಮಗಳು, ಅದರ ಮೇಲೆ ಸಿಂಬೆ. ಕಿರೀಟ ಇಟ್ಟ ಹಾಗಿತ್ತು.

"ಸ್ವಲ್ಪ ಓರೆ ಆಗದೆ, ಸರಿಯಾಗಿ ಇಕ್ಕು," ಅಂದಳು. ಇಕ್ಕಿದ. ಅವಳು ಸೆರಗು ಸರಿ ಮಾಡ್ಕೊಂಡು, ತಲೆ ಎತ್ಕೊಂಡು, ಊರಿಗೆಲ್ಲ ಕಾಣೋ ಹಾಗೆ ಮಗನ ಪಕ್ಕದಲ್ಲೇ ನಡೆದಳು.